ಕಲಿಯಲು ಹೋದ ಗುರು: ಮತ್ತೆಯೋ ರಿಚ್ಚಿ

ಜನರೊಡನೆ ವ್ಯವಹರಿಸುವುದೂ ಒಂದು ಕಲೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಕಲೆ ಯಾವುದರಿಂದ ಕೈಗೂಡುತ್ತದೆಂದು ವಿಚಾರಿಸುವವರು ವಿರಳ. ಚೀನಾ ದೇಶದಲ್ಲಿ ದುಡಿದು ಅಲ್ಲಿಯೇ ಮಣ್ಣಾದ ಯೇಸುಸಭೆಯ ಗುರು ಮತ್ತೆಯೋ ರಿಚ್ಚಿಯವರ ಜೀವನವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನೀಯುತ್ತದೆ.

1552ರ ಅಕ್ಟೋಬರ್ 6ರಂದು ಇಟಲಿಯ ಮಚೆರಾತದಲ್ಲಿ ಜನಿಸಿದ ರಿಚ್ಚಿಯವರು ರೋಮಾಪುರಿಯಲ್ಲಿ ಗಣಿತ, ಖಗೋಳ ಶಾಸ್ತ್ರಗಳನ್ನು ಅಭ್ಯಸಿಸಿ, 1578ರಲ್ಲಿ ಗೋವೆಗೆ ಬಂದರು. 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, 1582ರಲ್ಲಿ ಮಕಾವು ತಲುಪಿದರು. ಅಲ್ಲಿ ಅವರು ಕೈಗೊಂಡ ಮೊದಲ ಕಾರ್ಯ ಬೋಧನೆಯಲ್ಲ, ಅಕ್ಷರಾಭ್ಯಾಸ. ಯೂರೋಪಿನ ಪಂಡಿತನು ಚೀನೀ ಲಿಪಿಯ ಮುಂದೆ ಎಳೆಯ ಬಾಲಕನಂತೆ ಕುಳಿತನು.

1583ರಲ್ಲಿ ಅವರಿಗೆ ಝಾವೊಚಿಂಗ್ ನಗರದಲ್ಲಿ ನೆಲೆ ದೊರೆಯಿತು. ಮರುವರ್ಷ ಅವರು ರಚಿಸಿದ ಭೂಪಟದಲ್ಲಿ ಚೀನಾ ನಡುಭಾಗದತ್ತ ಬರುವಂತೆ ರೇಖೆಗಳನ್ನು ಸರಿಸಿದರು. ಭೂಗೋಳದ ಸತ್ಯಕ್ಕೆ ಇದರಿಂದ ಚ್ಯುತಿಯಿಲ್ಲ. ನೋಡುವವರ ಮನಸ್ಸಿಗೆ ನೋವೂ ಇಲ್ಲ. ಎಲ್ಲಿ ಬಾಗಬಹುದು, ಎಲ್ಲಿ ಬಾಗಲಾಗದು ಎಂಬ ವಿವೇಕ ಅವರಲ್ಲಿತ್ತು.

1589ರಲ್ಲಿ ಈ ವಿವೇಕಕ್ಕೆ ಪರೀಕ್ಷೆ ಒದಗಿತು. ಹೊಸದಾಗಿ ಬಂದ ರಾಜಪ್ರತಿನಿಧಿಯು ಅವರ ಮನೆಯನ್ನು ತನಗಾಗಿ ಬಯಸಿ, ಪರಿಹಾರಧನ ನೀಡಲು ಮುಂದಾದನು. ಹಣ ಪಡೆದರೆ ತಾವೇ ಇಚ್ಛಿಸಿ ಹೊರಟಂತಾಗುತ್ತದೆ. ರಿಚ್ಚಿಯವರು ಹಣವನ್ನು ನಿರಾಕರಿಸಿ, ಬೇರೊಂದು ಊರಿನಲ್ಲಿ ನೆಲೆಸಲು ಅಪ್ಪಣೆ ಬೇಡಿದರು. ಮನೆ ಕೈಬಿಟ್ಟಿತು, ದೇಶ ಕೈಬಿಡಲಿಲ್ಲ. ಕೂಗಾಟವಿಲ್ಲದೆ, ಎದುರಾಳಿಯ ಮಾನಕ್ಕೂ ಕುಂದು ಬಾರದಂತೆ, ಮುಖ್ಯವಾದುದನ್ನು ಉಳಿಸಿಕೊಂಡರು.

ಮೊದಲು ಬೌದ್ಧ ಭಿಕ್ಷುಗಳ ಉಡುಪು ಧರಿಸಿದ್ದ ಅವರು, ಅಲ್ಲಿಯ ಸಮಾಜದಲ್ಲಿ ವಿದ್ವಾಂಸರ ಸ್ಥಾನವನ್ನರಿತು 1595ರಲ್ಲಿ ಪಂಡಿತರ ನಿಲುವಂಗಿ ತೊಟ್ಟರು. ಅದೇ ವರ್ಷ ಚೀನೀ ಭಾಷೆಯಲ್ಲಿ ಬರೆದ ಗ್ರಂಥದ ವಿಷಯ ಸ್ನೇಹ. 1601ರಲ್ಲಿ ಬೀಜಿಂಗ್ ಪ್ರವೇಶಿಸಿದಾಗ ವಾನ್ಲಿ ಚಕ್ರವರ್ತಿಗೆ ಗಂಟೆ ಬಾರಿಸುವ ಗಡಿಯಾರಗಳನ್ನು ಕಾಣಿಕೆಯಿತ್ತರು. ಚಕ್ರವರ್ತಿಯ ಮುಖದರ್ಶನ ಅವರಿಗೆ ಎಂದೂ ಆಗಲಿಲ್ಲ. ಆದರೆ ಗಡಿಯಾರಗಳನ್ನು ಸರಿಪಡಿಸುವ ಕೆಲಸವೇ ಅವರಿಗೆ ಅರಮನೆಯ ಬಾಗಿಲು ತೆರೆಯಿತು.

ಶು ಗುವಾಂಗ್‌ಚಿ ಎಂಬ ವಿದ್ವಾಂಸರೊಡನೆ ಅವರು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದುದು 1607ರಲ್ಲಿ ಪ್ರಕಟವಾಯಿತು. ರಿಚ್ಚಿ ವಿವರಿಸುವರು, ಶು ಬರೆಯುವರು. ಒಬ್ಬರಿಗೆ ಗಣಿತ ಗೊತ್ತು, ಇನ್ನೊಬ್ಬರಿಗೆ ಭಾಷೆಯ ಸೊಗಸು ಗೊತ್ತು. ಇಬ್ಬರಲ್ಲಿ ಯಾರೊಬ್ಬರಿಂದಲೂ ಒಂಟಿಯಾಗಿ ಆಗದ ಕಾರ್ಯವಿದು.

1610ರ ಮೇ 11ರಂದು ರಿಚ್ಚಿಯವರು ಬೀಜಿಂಗಿನಲ್ಲಿ ತೀರಿಕೊಂಡರು. ಅನ್ಯದೇಶೀಯನಾದ ಅವರ ಸಮಾಧಿಗೆ ಚಕ್ರವರ್ತಿಯೇ ಭೂಮಿ ದಯಪಾಲಿಸಿದನು. 2022ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಪೂಜ್ಯರೆಂದು ಘೋಷಿಸಿದರು.

ಕೌಶಲವೆಂಬುದು ಬಹುಕಾಲದ ರೂಢಿಯಿಂದ ನೆಲೆಗೊಳ್ಳುವ ಸ್ವಭಾವ. ರಿಚ್ಚಿಯವರು ರೂಢಿಸಿಕೊಂಡದ್ದು ಆಲಿಸುವ ಸ್ವಭಾವವನ್ನು. ನಮ್ಮ ಮನೆಗಳಲ್ಲಿ, ಸಂಘಗಳಲ್ಲಿ, ನೆರೆಹೊರೆಯಲ್ಲಿ ಮಾತು ಮುರಿದು ಬಿದ್ದಾಗ, ನಮ್ಮ ವಾದ ಎಷ್ಟು ಬಲವಾಗಿತ್ತೆಂದು ಎಣಿಸುವ ಮೊದಲು, ಎದುರಿನವರ ಭಾಷೆಯನ್ನು ನಾವು ಎಷ್ಟು ಕಲಿತಿದ್ದೇವೆಂದು ಕೇಳಿಕೊಳ್ಳೋಣ.