ಚಿತ್ರಗಳಿಂದ ಸಂಗೀತಶಾಸ್ತ್ರವನ್ನು ಕಲಿಸಿದ ಫ್ರಾಂಕೀನೊ ಗಾಫೂರಿಯೊ

ಪಾಠವನ್ನು ಚಿತ್ರದ ಮೂಲಕ ಬೋಧಿಸಿದರೆ ಅದು ಮಕ್ಕಳ ಮನಸ್ಸಿನಲ್ಲಿ ಬೇಗನೆ ನೆಲೆಗೊಳ್ಳುವುದೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಚಿತ್ರದಲ್ಲಿ ತಪ್ಪಿದ್ದರೆ ಆ ತಪ್ಪೂ ಅಷ್ಟೇ ಗಟ್ಟಿಯಾಗಿ ಬೇರೂರುವುದೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಇವೆರಡಕ್ಕೂ ನಿದರ್ಶನನಾದ ಒಬ್ಬ ಗುರುವಿನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲಾಗಿದೆ.

ಫ್ರಾಂಕೀನೊ ಗಾಫೂರಿಯೊ ಎಂಬಾತನು ಕ್ರಿ. ಶ. 1451ನೆಯ ಇಸವಿ ಜನವರಿ 14ರಲ್ಲಿ ಇಟಲಿ ದೇಶದ ಲೋದಿ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಬೆರ್ಗಾಮೊ ಸೀಮೆಯಿಂದ ಬಂದ ಸಿಪಾಯಿ. ಈತನು ನಾಲ್ಕೈದು ವರುಷದ ಕೂಸಾಗಿರುವಾಗ್ಗೆ ಜರ್ಮನಿಯ ಮೈನ್ಸ್ ಪಟ್ಟಣದಲ್ಲಿ ಗುಟೆನ್‌ಬರ್ಗನ ಅಚ್ಚುಕೂಟದಿಂದ ಸತ್ಯವೇದವು ಹೊರಬಿದ್ದಿತು. ಆದುದರಿಂದ ಅಚ್ಚಿನ ಕಲೆಯೂ ಈತನೂ ಒಟ್ಟಿಗೆ ಬೆಳೆದರೆನ್ನಬಹುದು. ಚಿಕ್ಕಂದಿನಲ್ಲಿಯೇ ಬೆನೆಡಿಕ್ಟನ ಪಂಥದ ಮಠವನ್ನು ಸೇರಿ, ಬೊನಾದಿಯೆಸ್ ಎಂಬ ಸನ್ಯಾಸಿಯಿಂದ ಗಾಯನಶಾಸ್ತ್ರವನ್ನು ಕಲಿತು, ತರುವಾಯ ಯಾಜಕನಾಗಿ ಅಭಿಷಿಕ್ತನಾದನು.

ಅಲ್ಲಿಂದ ಮುಂದೆ ಹತ್ತು ವರುಷಗಳ ಕಾಲ ಆತನ ಪಾದಕ್ಕೆ ವಿಶ್ರಾಂತಿಯಿರಲಿಲ್ಲ. ಮಾಂತುವಾ, ವೆರೋನಾ ಪಟ್ಟಣಗಳಲ್ಲಿ ಬೋಧಿಸಿದನು. 1477ರಲ್ಲಿ ಜೆನೋವಾ ನಗರದ ಅಧಿಪತಿಯು ಆತನನ್ನು ಕರೆಸಿಕೊಂಡನು; ಆದರೆ ಮರುವರುಷವೇ ಆ ಅಧಿಪತಿಯು ಪದವಿಯನ್ನು ಕಳೆದುಕೊಂಡು ಓಡಿಹೋಗಬೇಕಾಗಲು, ಗಾಫೂರಿಯೊ ಸಹ ಆತನೊಡನೆ ನೇಪಲ್ಸಿಗೆ ಹೋದನು. ಅಲ್ಲಿ ತಿಂಕ್ತೋರಿಸನೇ ಮೊದಲಾದ ಪಂಡಿತರ ಸಹವಾಸ ದೊರಕಿತು, 1480ರಲ್ಲಿ ಮೊದಲನೆಯ ಗ್ರಂಥವೂ ಅಚ್ಚಾಯಿತು. ಅದೇ ವರುಷ ತುರ್ಕರು ಒತ್ರಾಂತೊ ಪಟ್ಟಣವನ್ನು ಹಿಡಿದರು. ಅದರ ಜೊತೆಗೆ ಮಹಾಮಾರಿಯೂ ಹರಡಿತು. ಗಾಫೂರಿಯೊ ಉತ್ತರಕ್ಕೆ ಹಿಂದಿರುಗಿದನು. ಕಡೆಗೆ 1484ನೆಯ ಇಸವಿ ಜನವರಿಯಲ್ಲಿ ಮಿಲಾನ್ ನಗರದ ಮಹಾದೇವಾಲಯದ ಗಾಯನಗುರುವಾಗಿ ನೇಮಕಗೊಂಡನು. ಆ ಕೆಲಸವನ್ನು ಸಾಯುವ ವರೆಗೆ ಮೂವತ್ತೆಂಟು ವರುಷ ಬಿಡಲಿಲ್ಲ.

1492ರಲ್ಲಿ ಮಿಲಾನಿನಲ್ಲಿ ಅಚ್ಚಾದ ಆತನ ಸಂಗೀತಸಿದ್ಧಾಂತದ ಗ್ರಂಥದಲ್ಲಿ, ಮರದಲ್ಲಿ ಕೆತ್ತಿ ಅಚ್ಚೊತ್ತಿದ ಪ್ರಸಿದ್ಧವಾದ ಒಂದು ಚಿತ್ರವುಂಟು. ಅದು ನಾಲ್ಕು ಮನೆಗಳುಳ್ಳದ್ದು. ಮೊದಲನೆಯದರಲ್ಲಿ ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿರುವ ಯೂಬಾಲನು ನಿಂತಿದ್ದಾನೆ; ಆತನ ಮುಂದೆ ಕಮ್ಮಾರರು ಅಡಿಗಲ್ಲಿನ ಮೇಲೆ ಸುತ್ತಿಗೆಗಳಿಂದ ಬಡಿಯುತ್ತಿದ್ದಾರೆ. ಎರಡನೆಯದರಲ್ಲಿ ಗ್ರೀಕ್ ಜ್ಞಾನಿಯಾದ ಪೈಥಾಗೊರಸನು ಘಂಟೆಗಳನ್ನೂ ನೀರು ತುಂಬಿದ ಪಾತ್ರೆಗಳನ್ನೂ ಬಾರಿಸುತ್ತಾನೆ. ಮೂರನೆಯದರಲ್ಲಿ ಭಾರಗಳನ್ನು ತೂಗಹಾಕಿದ ತಂತಿಗಳನ್ನು ಮೀಟುತ್ತಾನೆ. ನಾಲ್ಕನೆಯದರಲ್ಲಿ ಫಿಲೋಲಾವುಸನ ಸಂಗಡ ಕೊಳಲೂದುತ್ತಾನೆ. ಎಲ್ಲ ಮನೆಗಳಲ್ಲಿಯೂ 4, 6, 8, 9, 12, 16 ಎಂಬ ಅಂಕಿಗಳನ್ನೇ ಬರೆದಿದೆ. ಎಂಟಕ್ಕೆ ಹದಿನಾರು ಎರಡರಷ್ಟಾದುದರಿಂದ ಷಡ್ಜಕ್ಕೆ ತಾರಷಡ್ಜ. ಎಂಟಕ್ಕೆ ಹನ್ನೆರಡು ಒಂದೂವರೆಯಷ್ಟಾದುದರಿಂದ ಪಂಚಮ. ಆರಕ್ಕೆ ಎಂಟಾದರೆ ಮಧ್ಯಮ. ಅಕ್ಷರ ಬಾರದ ಹುಡುಗನೂ ನೋಡಿದೊಡನೆ ಗ್ರಹಿಸುವಷ್ಟು ಸ್ಪಷ್ಟವಾದ ಪಾಠವಿದು.

ಆದರೆ ಈ ಪಾಠದ ಬಹುಭಾಗವು ಸತ್ಯವಲ್ಲ. ಸುತ್ತಿಗೆಯ ತೂಕವು ಇಮ್ಮಡಿಯಾದ ಮಾತ್ರಕ್ಕೆ ಅಡಿಗಲ್ಲಿನ ಸ್ವರವು ಆ ಪ್ರಮಾಣದಲ್ಲಿ ಬದಲಾಗುವುದಿಲ್ಲ. ತಂತಿಗೆ ಕಟ್ಟಿದ ಭಾರವನ್ನು ಇಮ್ಮಡಿ ಮಾಡಿದರೆ ತಾರಷಡ್ಜವು ಬಾರದು, ನಾಲ್ಕರಷ್ಟು ಮಾಡಬೇಕು. ಪಂಚಮಕ್ಕೆ ಒಂದೂವರೆಯಷ್ಟು ಸಾಲದು, ಎರಡೂಕಾಲರಷ್ಟು ಬೇಕು. ತಂತಿಯ ಉದ್ದದ ವಿಷಯದಲ್ಲಿ ಮಾತ್ರ ಆ ಅಂಕಿಗಳು ಸರಿಯಾಗಿವೆ. ತಂತಿಯ ನಡುವೆ ಬೆರಳಿಟ್ಟು ಮೀಟಿದ ಯಾವ ಹುಡುಗಿಯೂ ಇದನ್ನು ಬಲ್ಲಳು. ಕಮ್ಮಾರಸಾಲೆಯ ಕಥೆಯನ್ನು ಆರನೆಯ ಶತಮಾನದಲ್ಲಿ ಬೊಯೀಥಿಯಸ್ ಎಂಬ ರೋಮ್ ಪಂಡಿತನು ಬರೆದಿಟ್ಟಿದ್ದನು. ಅಂದಿನಿಂದ ಒಬ್ಬರು ಬರೆದುದನ್ನು ಇನ್ನೊಬ್ಬರು ಬರೆಯುತ್ತ ಬಂದರೇ ಹೊರತು, ಎರಡು ತಂತಿಗೆ ಎರಡು ಕಲ್ಲು ಕಟ್ಟಿ ಪರೀಕ್ಷಿಸಿ, ಕಂಡದ್ದನ್ನು ಜನರಿಗೆ ತಿಳಿಸಿದವರು ಬಹುಕಾಲ ಹೊರಡಲಿಲ್ಲ. ದಿನವೂ ಹಾಡಿಸುತ್ತಿದ್ದ ಗಾಫೂರಿಯೊನಂಥ ಸೂಕ್ಷ್ಮ ಕಿವಿಯವನು ಸಹ ಇದನ್ನು ಒಪ್ಪಿಕೊಂಡನೆಂಬುದು ಆಶ್ಚರ್ಯ. ಆತನು ಸತ್ತ ಅರುವತ್ತೇಳು ವರುಷಗಳ ಮೇಲೆ, 1589ರಲ್ಲಿ, ವಿಂಚೆಂಜೊ ಗೆಲಿಲಿ ಎಂಬ ವೀಣಾಕಾರನು ಭಾರದ ಲೆಕ್ಕವು ತಪ್ಪೆಂದು ಪ್ರಕಟಿಸಿದನು. ಖಗೋಳಶಾಸ್ತ್ರಜ್ಞನಾದ ಗೆಲಿಲಿಯೋವಿಗೆ ಈತನೇ ತಂದೆ.

1496ರಲ್ಲಿ ಗಾಫೂರಿಯೊನ ಎರಡನೆಯ ದೊಡ್ಡ ಗ್ರಂಥವು ಬಂದಿತು. ಅದು ಗಾಯನದ ಪ್ರಯೋಗವನ್ನು ಕುರಿತದ್ದು. ಹಲವು ಕಂಠಗಳು ಒಟ್ಟಿಗೆ ಹಾಡುವಾಗ ಅನುಸರಿಸತಕ್ಕ ಎಂಟು ನಿಯಮಗಳು ಅದರಲ್ಲಿವೆ. ಮುಖಚಿತ್ರದಲ್ಲಿ ಸಿಂಹಾಸನಾರೂಢನಾದ ಅಪೊಲೊ ದೇವತೆಯಿಂದ ಭೂಮಿಯ ವರೆಗೆ ಮೂರು ತಲೆಯ ಸರ್ಪವೊಂದು ಇಳಿದಿದೆ. ಅದರ ಎರಡು ಪಕ್ಕಗಳಲ್ಲಿ ಗ್ರಹಗಳೂ ಕಲಾದೇವಿಯರೂ ಸ್ವರಕ್ರಮಗಳೊಂದಿಗೆ ಸಾಲಾಗಿ ಸೇರಿದ್ದಾರೆ. ನೋಡಲು ಸೊಗಸಾಗಿದ್ದಾಗ್ಯೂ ಪಾಠಕ್ಕೆ ಇದರಿಂದಾಗುವ ಉಪಕಾರವು ಸ್ವಲ್ಪವೇ. ಇದಕ್ಕಿಂತ ನನಗೆ ಮೆಚ್ಚಿಕೆಯಾದುದು 1508ರಲ್ಲಿ ಆತನು ಮಾಡಿದ ಕೆಲಸ. ಲ್ಯಾಟಿನ್ ಬಾರದ ಗಾಯಕರಿಗಾಗಿ ತನ್ನ ಶಾಸ್ತ್ರವನ್ನೆಲ್ಲ ಇಟಲಿಯ ದೇಶಭಾಷೆಯಲ್ಲಿ ಬರೆದು ಅಚ್ಚು ಹಾಕಿಸಿದನು. ತಾನೂ ಗ್ರೀಕ್ ಗ್ರಂಥಗಳಿಗಾಗಿ ಇತರರ ಭಾಷಾಂತರಗಳನ್ನು ನಂಬಿದವನಾದುದರಿಂದ, ಭಾಷೆ ಬಾರದವರ ಕಷ್ಟವನ್ನು ಆತನು ಅರಿತಿದ್ದಿರಬೇಕು.

ಇಷ್ಟು ಸದ್ಗುಣವಿದ್ದರೂ ವಾದದಲ್ಲಿ ಆತನ ನಾಲಿಗೆ ಹರಿತವಾಗಿತ್ತು. ಬೊಲೋನ್ಯಾ ನಗರದ ಸ್ಪತಾರೊ ಎಂಬ ಗಾಯನಗುರುವು ತನ್ನ ಗುರುವಾದ ರಾಮೋಸನ ಪುಸ್ತಕವನ್ನು ಈತನಿಗೆ ಓದಲು ಕೊಟ್ಟಿದ್ದನು. ಗಾಫೂರಿಯೊ ಅದರ ಅಂಚುಗಳ ತುಂಬ ತನ್ನ ಆಕ್ಷೇಪಣೆಗಳನ್ನು ಗೀಚಿ ಹಿಂದಕ್ಕೆ ಕಳುಹಿಸಿದನು! ಪುಸ್ತಕಭಂಡಾರದ ಪುಸ್ತಕಗಳಲ್ಲಿ ಬರೆದು ನನ್ನಿಂದ ಗದರಿಸಿಕೊಂಡ ಹಳೆಯ ವಿದ್ಯಾರ್ಥಿನಿಯರು ಇದನ್ನು ಓದಿ ನಗಬಹುದು. ವಿವಾದವು ಬೆಳೆದು, 1520ರಲ್ಲಿ ಈತನೂ 1521ರಲ್ಲಿ ಸ್ಪತಾರೊವೂ ಒಬ್ಬರ ಮೇಲೊಬ್ಬರು ಪುಸ್ತಕಗಳನ್ನು ಪ್ರಕಟಿಸಿದರು.

1518ರ ಗ್ರಂಥದ ಮುಖಪುಟದಲ್ಲಿ ಗಾಫೂರಿಯೊನ ಸ್ವಂತ ಚಿತ್ರವಿದೆ. ಆತನು ಪೀಠದಲ್ಲಿ ಕುಳಿತು ಶಿಷ್ಯರಿಗೆ ಬೋಧಿಸುತ್ತಿದ್ದಾನೆ. ಒಂದು ಪಕ್ಕದಲ್ಲಿ ಆರ್ಗನ್ ವಾದ್ಯದ ಮೂರು ಕೊಳವೆಗಳು, ಇನ್ನೊಂದು ಪಕ್ಕದಲ್ಲಿ ಮೂರು ಗೆರೆಗಳೂ ಕೈವಾರವೂ. ಅವುಗಳ ಮೇಲೆ 3, 4, 6 ಎಂಬ ಅಂಕಿಗಳು. ಇಲ್ಲಿ ತೂಕವಿಲ್ಲ, ಸುತ್ತಿಗೆಯಿಲ್ಲ, ಅಳೆದದ್ದು ಉದ್ದವನ್ನು. ಆದುದರಿಂದ ಈ ಲೆಕ್ಕವು ಇಂದಿಗೂ ನಿಲ್ಲುತ್ತದೆ.

ತನ್ನ ಪುಸ್ತಕಗಳನ್ನು ಹುಟ್ಟಿದೂರಾದ ಲೋದಿಯ ಇಂಕೊರೊನಾತಾ ದೇವಾಲಯಕ್ಕೆ ಕೊಟ್ಟು, 1522ನೆಯ ಇಸವಿ ಜೂನ್ 25ರಲ್ಲಿ ಆತನು ಮಿಲಾನಿನಲ್ಲಿ ಮೃತಿಹೊಂದಿದನು. ತನ್ನ ಗಾಯನವೃಂದಕ್ಕಾಗಿ ಆತನು ಬರೆಸಿಟ್ಟಿದ್ದ ನಾಲ್ಕು ದೊಡ್ಡ ಕೈಬರಹದ ಪುಸ್ತಕಗಳು ಮಹಾದೇವಾಲಯದಲ್ಲಿ ಉಳಿದವು. ಅವುಗಳಲ್ಲಿ ನಾಲ್ಕನೆಯದು 1906ರಲ್ಲಿ ಮಿಲಾನಿನ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ ಬೆಂಕಿಗೆ ಸಿಕ್ಕಿ ಬಹಳವಾಗಿ ಕೆಟ್ಟಿತು. ಮಿಕ್ಕ ಮೂರನ್ನೂ ಸುಟ್ಟುಳಿದ ಹಾಳೆಗಳನ್ನೂ ಜೋಪಾನವಾಗಿ ಕಾಪಾಡಲಾಗಿದೆ.