ಕಾಣದ ಜೀವಿಗಳ ಕಾಲವನ್ನರಿತ ಡಾಕ್ಟರ್ ಕೋಲ್ಮನ್

ಮಂಡ್ಯ, ಮದ್ದೂರು, ಮಳವಳ್ಳಿಗಳ ನಾಲಾಬಯಲನ್ನು ಕಂಡವರು ನೀರು ತಂದವರನ್ನು ನೆನೆಯುವುದು ಸಹಜವೇ ಆಗಿದೆ. ಆದರೆ ನೀರು ಹರಿದ ಮಾತ್ರಕ್ಕೆ ಭೂಮಿ ಫಲವತಿಯಾಗದು. ನೀರಿಗೂ ಬೆಳೆಗೂ ನಡುವೆ ಮಣ್ಣಿದೆ. ಮಣ್ಣಿನೊಳಗೆ ಕಣ್ಣಿಗೆ ಕಾಣದ ಜೀವಕೋಟಿಯಿದೆ. ಆ ಜೀವಕೋಟಿಯ ವ್ಯಾಪಾರವನ್ನು ಅಭ್ಯಾಸಮಾಡಿಯೇ ವಿಜ್ಞಾನದಲ್ಲಿ ಕಾಲಿಟ್ಟು, ಮೈಸೂರು ಸೀಮೆಯ ರೈತನಿಗಾಗಿ ತಮ್ಮ ಪ್ರಾಯದ ಬಹುಭಾಗವನ್ನು ಸವೆಸಿದವರು ಡಾಕ್ಟರ್ ಲೆಸ್ಲಿ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಆಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದು ಮುಗಿಸಿ, ಮುಂದಿನ ವ್ಯಾಸಂಗಕ್ಕೆಂದು ಜರ್ಮನಿಯ ಗಟಿಂಗನ್‌ಗೆ ತೆರಳಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ನೈಟ್ರೀಕರಣ. ಸತ್ತುದು ಕೊಳೆತಾಗ ಹುಟ್ಟುವ ಅಮೋನಿಯವನ್ನು ಕೆಲವು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿ, ಬೇರೆ ಕೆಲವು ಅದನ್ನೇ ನೈಟ್ರೇಟ್ ಆಗಿ ಮಾರ್ಪಡಿಸುವ ಕ್ರಿಯೆಗೆ ಆ ಹೆಸರು. ಇದು ಜೀವಿಗಳ ಕೆಲಸವೆಂಬುದನ್ನು 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಜ್ ತೋರಿಸಿದ್ದರು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿದ್ದರು. ಮಣ್ಣಿನ ತೇವ, ಸಾವಯವ ಪದಾರ್ಥ ಮೊದಲಾದವು ಈ ಕ್ರಿಯೆಯನ್ನು ಹೇಗೆ ಹೆಚ್ಚಿಸುತ್ತವೆ, ಹೇಗೆ ತಗ್ಗಿಸುತ್ತವೆ ಎಂಬುದನ್ನು ಕೋಲ್ಮನ್ನರು ಪರೀಕ್ಷಿಸಿದರು. ಮಣ್ಣು ಒಣಗಿದರೂ ಅದರ ಕೆಲಸ ಕುಂದುತ್ತದೆ. ನೀರು ತುಂಬಿ ಗಾಳಿ ಆಡದಂತಾದರೂ ಕುಂದುತ್ತದೆ. ಅವರ ದೀರ್ಘ ಪ್ರಬಂಧ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಮೈಸೂರು ಸರ್ಕಾರದ ಕೀಟ ಮತ್ತು ಶಿಲೀಂಧ್ರ ಶಾಸ್ತ್ರಜ್ಞರಾಗಿ ಬೆಂಗಳೂರಿಗೆ ಬಂದರು.

ಪಂಡಿತರ ಪತ್ರಿಕೆಯಲ್ಲಿ ಹುದುಗಿಹೋದ ಆ ವಿಷಯ ಇಂದು ಮನೆಮನೆಯ ಪಡಸಾಲೆಗೆ ಬಂದಿದೆಯೆಂದರೆ ಆಶ್ಚರ್ಯವಾದೀತು. ಮಕ್ಕಳ ಒತ್ತಾಯಕ್ಕೆ ಗಾಜಿನ ತೊಟ್ಟಿಯೊಂದನ್ನು ಕೊಂಡು, ಅಂದೇ ನೀರು ತುಂಬಿ, ಅಂದೇ ಮೀನು ಬಿಡುವವರು ಎಷ್ಟೋ ಮಂದಿ. ವಾರ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ತೇಲುತ್ತವೆ. ನೀರು ತಿಳಿಯಾಗಿಯೇ ಇರುತ್ತದೆ, ಮಗು ಅಳುತ್ತದೆ, ಕಾರಣ ಯಾರಿಗೂ ತೋಚದು. ಕಾರಣವಾದರೋ ಕೋಲ್ಮನ್ನರು ಗಟಿಂಗನ್ನಿನಲ್ಲಿ ಅಭ್ಯಾಸಮಾಡಿದುದೇ. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ ಕೊಳೆತು ಅದಕ್ಕೆ ಇನ್ನಷ್ಟು ಸೇರುತ್ತದೆ. ಅಮೋನಿಯ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತವು ಪ್ರಾಣವಾಯುವನ್ನು ಹೊರದಂತೆ ಮಾಡುತ್ತದೆ. ಇವೆರಡನ್ನೂ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಜೀವಿಗಳು ಹೊಸ ತೊಟ್ಟಿಯಲ್ಲಿ ಇನ್ನೂ ನೆಲಸಿರುವುದಿಲ್ಲ.

ಆದುದರಿಂದ ಬಲ್ಲವರು ಮೀನಿಗಿಂತ ಮೊದಲು ಈ ಜೀವಿಗಳನ್ನು ಸಾಕುತ್ತಾರೆ. ಕ್ಲೋರಿನ್ ಕಳೆದ ನೀರನ್ನು ತುಂಬಿ, ಶೋಧಕವನ್ನು ಹಗಲಿರುಳು ನಡೆಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಾ ಬರುತ್ತಾರೆ. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟ್ ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ, ಆರೋಗ್ಯವಾದ ತೊಟ್ಟಿಯ ಒಂದು ಹಿಡಿ ಜಲ್ಲಿ ಸೇರಿಸಿದರೆ ಕಾಲ ಕಡಮೆಯಾಗುತ್ತದೆ. ಆಹಾರ ಹಾಕುತ್ತಿದ್ದರೂ ಅಮೋನಿಯ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಶೂನ್ಯವೆಂದು ಕಂಡಮೇಲೆ, ನೀರಿನ ಒಂದು ಭಾಗವನ್ನು ಬದಲಾಯಿಸಿ, ಮೀನುಗಳನ್ನು ಒಂದೆರಡಾಗಿ ಬಿಡಬೇಕು. ಆಮೇಲೂ ಶೋಧಕವನ್ನು ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆಯಬಾರದು. ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುತ್ತದೆ. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಮತ್ಸ್ಯಾಲಯದ ತೊಟ್ಟಿಯಿಂದಲೇ ಈ ಕೆಲಸ ಮಾಡುವ, ಬ್ಯಾಕ್ಟೀರಿಯಗಳಿಗಿಂತ ಬೇರೆಯಾದ ಹೊಸ ಕುಲದ ಸೂಕ್ಷ್ಮಜೀವಿಯೊಂದು ದೊರೆಯಿತು. ವಿಷಯ ಇನ್ನೂ ಮುಗಿದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮೊದಲು ಮಾಡಬೇಕಾದುದನ್ನು ಮೊದಲು ಮಾಡುವುದು ಎಂಬ ಈ ನೀತಿಯೇ ಕೋಲ್ಮನ್ನರ ಬಾಳಿನ ಸೂತ್ರವಾಗಿ ತೋರುತ್ತದೆ. ಅವರು ಬಂದ ಕಾಲದಲ್ಲಿ ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗ ಹಾಳುಗೆಡವುತ್ತಿತ್ತು. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ನರು ಗುರುತಿಸಿ 1910ರಲ್ಲಿ ವರ್ಣಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ರೋಗ ಹತ್ತಿದ ಮೇಲೆ ಅಟ್ಟುವ ಉಪಾಯ ಇದಲ್ಲ. ಮಳೆ ಬಲಿಯುವ ಮೊದಲೇ ಕಟ್ಟುವ ರಕ್ಷೆ. ಇಂದಿಗೂ ಅಡಕೆಯ ತೋಟಗಳಲ್ಲಿ ಆ ಕ್ರಮ ನಡೆದುಬಂದಿದೆ. ಜೋಳದ ಪೈರನ್ನು ತಿನ್ನುತ್ತಿದ್ದ ಮಿಡತೆಯೊಂದಕ್ಕೆ ಶಾಸ್ತ್ರಜ್ಞರು ಇಟ್ಟ ಕೋಲ್ಮೇನಿಯ ಎಂಬ ಹೆಸರು ಅವರ ಸ್ಮಾರಕವಾಗಿ ಉಳಿದಿದೆ.

ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಅವರ ಕಾಲದಲ್ಲಿ 1913ರಲ್ಲಿ ಹೆಬ್ಬಾಳದ ಕೃಷಿಶಾಲೆಯೂ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗಕ್ಷೇತ್ರವೂ ಹುಟ್ಟಿದವು. ಆಮೇಲೆ ಬಂದಿತು ಮಂಡ್ಯದ ಸರದಿ. ರಾಗಿ, ಹುರುಳಿಗಳ ಒಣಸೀಮೆಗೆ ಕೃಷ್ಣರಾಜಸಾಗರದ ನೀರು ಹರಿಯುವ ಕಾಲ ಒದಗಿತು. ಮಳೆಯನ್ನೇ ನಂಬಿ ಬಾಳಿದ ರೈತನಿಗೆ ನಾಲೆಯ ನೀರು ಹೊಸದು. ಅತಿಯಾದರೆ ಅದೇ ಕೇಡು. ನಿಂತ ನೀರಿನ ಗದ್ದೆಯಲ್ಲಿ ನೈಟ್ರೀಕರಣದ ಜೀವಿಗಳಿಗೆ ಮಣ್ಣಿನ ಮೇಲ್ಪದರದಲ್ಲಿ ಮಾತ್ರ ಗಾಳಿ ದೊರೆಯುತ್ತದೆ. ಅಲ್ಲಿ ಹುಟ್ಟಿದ ನೈಟ್ರೇಟ್ ಕೆಳಗಿಳಿದರೆ ಅನಿಲವಾಗಿ ಹಾರಿಹೋಗುತ್ತದೆ. ಅಲ್ಲಿಯ ನೆಲಕ್ಕೂ ನೀರಿಗೂ ಹೊಂದುವ ಬೇಸಾಯವನ್ನು ಪರೀಕ್ಷಿಸಿ ನೋಡಲು 1931ರಲ್ಲಿ ಮಂಡ್ಯದ ಬಳಿ ಇರ್ವಿನ್ ನಾಲಾ ಕ್ಷೇತ್ರ ಆರಂಭವಾಯಿತು. ನಾಲೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದ ಮೇಲೆ ಅದೇ ವಿ.ಸಿ. ಫಾರಂ ಎನಿಸಿತು.

ಕಬ್ಬು ಕಡಿದ ಮೇಲೆ ಕಾಯುವ ಬೆಳೆಯಲ್ಲ. ಹೊತ್ತು ಮೀರಿದರೆ ಅದರ ಸಕ್ಕರೆ ಕುಂದುತ್ತದೆ. ಅರೆಯುವ ಗಾಣ ಸಮೀಪದಲ್ಲಿಲ್ಲದೆ ರೈತನಿಗೆ ಕಬ್ಬು ಬೆಳೆಯೆಂದು ಹೇಳುವುದು ಅನ್ಯಾಯ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಹಿಂದೆ ಕೋಲ್ಮನ್ನರ ಪ್ರೇರಣೆಯೂ ಶ್ರಮವೂ ಇದ್ದವು. ಆ ಕಾರ್ಖಾನೆ ಸುತ್ತಣ ತಾಲ್ಲೂಕುಗಳ ಬಾಳನ್ನೇ ಮಾರ್ಪಡಿಸಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ಅದನ್ನು ನೋಡಲು ಕೋಲ್ಮನ್ನರು ಇಲ್ಲಿರಲಿಲ್ಲ. 1934ರಲ್ಲಿ ನಿವೃತ್ತರಾಗಿ ಅವರು ಕೆನಡಾಕ್ಕೆ ಮರಳಿದ್ದರು. 1954ರಲ್ಲಿ ಅಲ್ಲಿಯೇ ನಿಧನರಾದರು.

ಶಾಲೆಯೊಂದರಲ್ಲಿ ಗಾಜಿನ ತೊಟ್ಟಿಯನ್ನಿಟ್ಟು, ಆರು ವಾರ ಮೀನಿಲ್ಲದ ನೀರನ್ನು ಮಕ್ಕಳಿಂದ ಪರೀಕ್ಷೆ ಮಾಡಿಸಿ, ದಿನದಿನದ ಅಂಕಿಗಳನ್ನು ಬರೆಸುವ ಉಪಾಧ್ಯಾಯರು ರಸಾಯನವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಕಲಿಸಿದಂತಾಗುತ್ತದೆ. ಮಂಡ್ಯದ ಸೀಮೆಯಲ್ಲಾದರೆ ಆ ಪಾಠಕ್ಕೆ ಇನ್ನೊಂದು ಮಾತನ್ನೂ ಸೇರಿಸಬಹುದು: ತೊಟ್ಟಿಯ ಜಲ್ಲಿಯಲ್ಲಿ ನಡೆಯುವ ಕೆಲಸವೇ ಊರ ಹೊರಗಿನ ಹೊಲದ ಮಣ್ಣಿನಲ್ಲೂ ನಡೆಯುತ್ತಿದೆ, ಅದನ್ನು ಅರಿತವರೊಬ್ಬರು ಈ ನೆಲದಲ್ಲಿ ದುಡಿದು ಹೋಗಿದ್ದಾರೆ.