ಪೋಸ್ಟರ್‌ಗಳಿಗೂ ನೆಲೆ ಕಲ್ಪಿಸಿದ ಆನ್ರಿ ಲಾಂಗ್ಲ್ವಾ

ಚಿತ್ರಮಂದಿರದಿಂದ ಒಂದು ಚಿತ್ರ ಎತ್ತಂಗಡಿಯಾದರೆ ಅದರ ಪೋಸ್ಟರ್ ಮೇಲೆ ಮತ್ತೊಂದು ಪೋಸ್ಟರ್ ಬೀಳುತ್ತದೆ. ಹೀಗೆ ಮರೆಯಾಗುತ್ತಿದ್ದ ಕಾಗದವೂ ಸಿನಿಮಾ ಚರಿತ್ರೆಯ ಭಾಗವೆಂದು ನಂಬಿ ಕಾಪಿಟ್ಟವರು ಫ್ರಾನ್ಸಿನ ಆನ್ರಿ ಲಾಂಗ್ಲ್ವಾ.

1914ರಲ್ಲಿ ಇಂದಿನ ಟರ್ಕಿಯ ಇಜ್ಮಿರ್‌ನಲ್ಲಿ ಜನಿಸಿದ ಅವರ ಕುಟುಂಬ, 1922ರಲ್ಲಿ ನಗರ ಬೆಂಕಿಗೆ ಆಹುತಿಯಾದ ಬಳಿಕ ಪ್ಯಾರಿಸ್ ಸೇರಿತು. ವಾಕ್ಚಿತ್ರಗಳು ಬಂದ ಮೇಲೆ ಮೂಕಿಚಿತ್ರಗಳ ಪ್ರತಿಗಳು ನಾಶವಾಗತೊಡಗಿದವು. ಅವುಗಳನ್ನು ಉಳಿಸಲೆಂದು 1936ರಲ್ಲಿ ಜಾರ್ಜ್ ಫ್ರಾಂಜು ಮೊದಲಾದ ಗೆಳೆಯರೊಡನೆ 'ಸಿನಮಾತೆಕ್ ಫ್ರಾನ್ಸೇಸ್' ಸಂಸ್ಥೆಯನ್ನು ಸ್ಥಾಪಿಸಿದರು. ಚಿತ್ರಸುರುಳಿಗಳ ಜೊತೆಗೆ ಪೋಸ್ಟರ್, ಉಡುಪು, ಕ್ಯಾಮೆರಾಗಳನ್ನೂ ಕಲೆಹಾಕಿದರು. ಯಾವುದು ಶ್ರೇಷ್ಠ, ಯಾವುದು ಕನಿಷ್ಠ ಎಂದು ಆರಿಸಲು ಹೋಗಲಿಲ್ಲ. ಎಲ್ಲವೂ ಉಳಿಯಬೇಕೆಂಬುದು ಅವರ ನಿಲುವಾಗಿತ್ತು. ಜರ್ಮನಿಯು ಫ್ರಾನ್ಸನ್ನು ಆಕ್ರಮಿಸಿದ್ದ ಕಾಲದಲ್ಲಿ ಅನೇಕ ಚಿತ್ರಗಳನ್ನು ಬಚ್ಚಿಟ್ಟು ರಕ್ಷಿಸಿದರು.

ಸಂಗ್ರಹ ಬೆಳೆದಂತೆ ಆಡಳಿತದ ಅಶಿಸ್ತು ಟೀಕೆಗೆ ಗುರಿಯಾಯಿತು. 1968ರ ಫೆಬ್ರುವರಿಯಲ್ಲಿ ಅವರನ್ನು ಹುದ್ದೆಯಿಂದ ಕೆಳಗಿಳಿಸಲಾಯಿತು. ತ್ರುಫೊ, ಗೊದಾರ್ ಮುಂತಾದ ನಿರ್ದೇಶಕರು ಪ್ರತಿಭಟಿಸಿ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಅವರು ಹುದ್ದೆಗೆ ಮರಳಿದರು. 1972ರಲ್ಲಿ ಪ್ಯಾರಿಸ್‌ನ ಶಾಯೋ ಅರಮನೆಯಲ್ಲಿ ಸಿನಿಮಾ ವಸ್ತುಸಂಗ್ರಹಾಲಯ ತೆರೆದರು.

1974ರಲ್ಲಿ ಅವರಿಗೆ ಗೌರವ ಆಸ್ಕರ್ ಸಂದಿತು. ಅದನ್ನು ಪ್ರದಾನ ಮಾಡಿದವರು ಜೀನ್ ಕೆಲ್ಲಿ. ಮೂಕಿಯಿಂದ ವಾಕ್ಚಿತ್ರಕ್ಕೆ ಹೊರಳಿದ ಕಾಲವನ್ನೇ ಕಥೆಯಾಗಿಸಿಕೊಂಡ 1952ರ ಸಂಗೀತಮಯ ಚಿತ್ರ 'ಸಿಂಗಿಂಗ್ ಇನ್ ದ ರೇನ್'ನ ನಾಯಕ ಅವರೇ ಎಂಬುದು ಗಮನಾರ್ಹ.

1977ರ ಜನವರಿಯಲ್ಲಿ ಲಾಂಗ್ಲ್ವಾ ನಿಧನರಾದರು. ಕೆಲವೇ ವಾರಗಳ ಬಳಕೆಗೆಂದು ಅಚ್ಚಾಗಿದ್ದ ಪೋಸ್ಟರ್‌ಗಳು, ಅವರು ಕಟ್ಟಿದ ಸಂಸ್ಥೆಯಲ್ಲಿ ಇಂದು ಸಿನಿಮಾ ಚರಿತ್ರೆಯ ಆಕರಗಳಾಗಿ ಉಳಿದಿವೆ.